ಹಳ್ಳದಾಚೆಯ ಕೂಗು

"ಹಿಜು ಕಾನಾಞ್, ಆಯೋ!"

ಕಣದ ಅಂಚಿನಲ್ಲಿ ನಿಂತ ಐದು ವರ್ಷದ ನವ್ಯಶ್ರೀ ಹಳ್ಳದ ಕಡೆ ಮುಖ ಮಾಡಿ ಕೂಗಿದಳು. ಕಾಫಿ ಹಣ್ಣನ್ನು ಕಾಲಲ್ಲೇ ತಿರುವಿ ಹಾಕುತ್ತಿದ್ದ ಅವಳ ತಾಯಿ ಪುಷ್ಪಾ ಥಟ್ಟನೆ ತಲೆ ಎತ್ತಿದಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮೀನಾಕ್ಷಮ್ಮನ ಕೈ ಹಾಗೆಯೇ ನಿಂತುಬಿಟ್ಟಿತು.

"ಏನಂದೆ ಮಗಾ? ಯಾರ್ ಜೊತೆ ಮಾತಾಡ್ತಿದೀಯ?"

"ಅಜ್ಜಿ ಕರೀತೈತೆ."

"ನಾನಿಲ್ಲೇ ಕೂತಿದೀನಲ್ಲ..."

"ನೀನಲ್ಲ ಅಜ್ಜಿ. ಹಳ್ಳದಾಚೆ ನಿಂತೈತಲ್ಲ, ಆ ಅಜ್ಜಿ."

ಹಳ್ಳದಾಚೆ ಯಾರೂ ಇರಲಿಲ್ಲ. ಏಲಕ್ಕಿ ಗಿಡಗಳ ಮೇಲೆ ಸಂಜೆಯ ಮಂಜು ಇಳಿಯುತ್ತಿತ್ತು, ಅಷ್ಟೆ. ಮೀನಾಕ್ಷಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದರು. "ನೀನು ಹೇಳ್ಕೊಟ್ಯಾ?"

"ಇಲ್ಲ ಅತ್ತೆ. ದೇವ್ರಾಣೆ ಇಲ್ಲ!"

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಪುಷ್ಪಾಳಿಗೆ ಭಯವಾಯಿತು. ಹೋದ ವರ್ಷದಿಂದ ಸಂಜೆಯಾದರೆ ಸಾಕು, ಹಳ್ಳದಾಚೆಯಿಂದ ಆ ಕೂಗು ಅವಳಿಗೂ ಕೇಳಿಸುತ್ತಿತ್ತು. ತನ್ನ ತಲೆಯೇ ಕೆಟ್ಟಿದೆ ಎಂದುಕೊಂಡು, ಯಾರಿಗೂ ಹೇಳದೆ, ಸೆರಗಿನಲ್ಲಿ ಕಿವಿ ಮುಚ್ಚಿಕೊಂಡು ಒಲೆ ಊದುತ್ತಿದ್ದಳು. ಈಗ ಮಗುವಿಗೂ ಕೇಳಿಸಿದೆ! ಕೇಳಿಸಿದ್ದಷ್ಟೇ ಅಲ್ಲ, ತಾನು ಇಷ್ಟು ದಿನ ಗಂಟಲಲ್ಲೇ ನುಂಗಿಕೊಂಡ ಉತ್ತರವನ್ನು ಮಗು ಗಟ್ಟಿಯಾಗಿ ಕೊಟ್ಟುಬಿಟ್ಟಿದೆ... 'ಬಂದೆ, ಅವ್ವಾ' ಎಂದು.

ಅದು ಸಂತಾಲಿ ಮಾತು. ಅದರ ಅರ್ಥ ಆ ಮನೆಯಲ್ಲಿ ಗೊತ್ತಿದ್ದದ್ದು ಪುಷ್ಪಾ ಒಬ್ಬಳಿಗೇ. ಅವಳು ಹುಟ್ಟಿದ್ದು ಫೂಲ್ಮಣಿಯಾಗಿ, ಜಾರ್ಖಂಡಿನ ದುಮ್ಕಾ ಕಡೆಯ ಹಳ್ಳಿಯೊಂದರಲ್ಲಿ. ಅಪ್ಪ ಸತ್ತ ಮೇಲೆ ಅವ್ವ ಮಾಯ್ನೊ ಮಗಳ ಕೈ ಹಿಡಿದು ಊರವರ ಗುಂಪಿನೊಂದಿಗೆ ರೈಲು ಹತ್ತಿದಳು. ಮಾರನಹಳ್ಳಿ ಹತ್ತಿರದ ಎಸ್ಟೇಟಿನ ಲೈನು, ಅಂದರೆ ಆಳುಗಳ ಸಾಲುಮನೆ, ಸೇರಿದಳು. ಉತ್ತರದಿಂದ ಬಂದ ಆಳುಗಳನ್ನೆಲ್ಲ ಘಟ್ಟದವರು ಒಟ್ಟಾಗಿ 'ಅಸ್ಸಾಮಿನೋರು' ಎನ್ನುತ್ತಾರೆ. ನಿಜವಾಗಿ ಯಾವೂರು ಎಂದು ಕೇಳುವ ಪುರುಸೊತ್ತು ಕೊಯ್ಲಿನ ಕಾಲದಲ್ಲಿ ಯಾರಿಗಿದೆ? ಆಳುಗಳನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದ ಹೆಗ್ಗದ್ದೆಯ ಲೋಹಿತ್ ಮಾತ್ರ ಕೇಳಿದ್ದ. ಕೇಳಿದವನು ಫೂಲ್ಮಣಿಯ ಉತ್ತರಕ್ಕೆ ಮನಸೋತ. ದೇವಸ್ಥಾನವೊಂದರಲ್ಲಿ ತಾಳಿ ಕಟ್ಟಿ ಕರೆತಂದು ಬಾಗಿಲಲ್ಲಿ ನಿಲ್ಲಿಸಿದಾಗ ಮೀನಾಕ್ಷಮ್ಮ ಅತ್ತರು, ಉಪವಾಸ ಬಿದ್ದರು, ಕೊನೆಗೆ ಆರತಿ ತಟ್ಟೆ ಹಿಡಿದು ಬಂದು ಒಂದೇ ಮಾತು ಹೇಳಿದರು.

"ನಿನ್ನ ಒಳಗೆ ಕರ್ಕೋತೀನಿ ಕಣವ್ವ. ಆದ್ರೆ ಬಂದ ದಾರೀನ ಬಾಗ್ಲಾಚೆ ಬಿಟ್ಟು ಬಾ. ಮನೇಲಿ ಮದ್ವೆಗೆ ಬಂದ ಮಗಳವ್ಳೆ ನಂಗೆ."

ಅಂದಿನಿಂದ ಫೂಲ್ಮಣಿ ಪುಷ್ಪಾ ಆದಳು. ಶಿವಮೊಗ್ಗ ಕಡೆಯ ಅನಾಥೆ, ನಮ್ಮವರದ್ದೇ ಹುಡುಗಿ ಎಂದು ಊರಿಗೆಲ್ಲ ಹೇಳಿದ್ದಾಯಿತು. ಮುಂಗೈ ತುಂಬ ಇದ್ದ ಹಚ್ಚೆ ಕಾಣದಂತೆ ಉದ್ದ ತೋಳಿನ ರವಿಕೆ ಹೊಲಿಸಿದರು. ಅವಳ ಭಾಷೆಯ ಒಂದು ಶಬ್ದವೂ ಮನೆಯೊಳಗೆ ಬೀಳಕೂಡದು. ಪುಷ್ಪಾ ಎಲ್ಲವನ್ನೂ ಒಪ್ಪಿದಳು, ಒಪ್ಪಿ ಕಲಿತಳು. ಅಕ್ಕಿರೊಟ್ಟಿ ತಟ್ಟಲು, ಕಡುಬು ಬೇಯಿಸಲು, ಹೆಗ್ಗದ್ದೆಯ ಹೆಂಗಸರಂತೆಯೇ 'ಅಯ್ಯೋ ಮಾರಾಯ್ತಿ' ಎನ್ನಲು. ಎಷ್ಟು ಚೆನ್ನಾಗಿ ಕಲಿತಳೆಂದರೆ ಅತ್ತೆಯೇ ಒಮ್ಮೊಮ್ಮೆ ತಾವು ಹೇಳಿದ ಸುಳ್ಳನ್ನು ನಂಬುತ್ತಿದ್ದರು. ಮಾಯ್ನೊ ಮಾತ್ರ ರಜೆಯ ದಿನ ನಡೆದು ಬಂದು ಹಳ್ಳದಾಚೆಯ ಬೇಲಿಯ ಬಳಿ ನಿಲ್ಲುತ್ತಿದ್ದಳು. "ಫೂಲ್ಮಣೀ..." ಎಂದು ಒಂದೇ ಸಲ ಕೂಗುತ್ತಿದ್ದಳು. ಮಗಳು ಇತ್ತಿಂದ ಕೈ ಎತ್ತುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ತಾಯಿ ಅಷ್ಟಕ್ಕೇ ತೃಪ್ತಿಪಟ್ಟು ತಿರುಗಿ ಹೋಗುತ್ತಿದ್ದಳು.

ಹೋದ ವರ್ಷ ಕಾಫಿ ಹೂ ಬಿಟ್ಟ ಸಮಯದಲ್ಲಿ ಲೋಹಿತನ ತಂಗಿ ಮಧುಶ್ರೀಗೆ ವನಗೂರಿನ ಜವರಯ್ಯನವರ ಮಗ ಪ್ರಜ್ವಲ್ ಜೊತೆ ನಿಶ್ಚಿತಾರ್ಥ. ಬೀಗರು ಜಗಲಿಯಲ್ಲಿ ಕೂತಿದ್ದಾಗಲೇ ಲೈನಿನಿಂದ ಹೆಂಗಸೊಬ್ಬಳು ಹಿತ್ತಲಿಗೆ ಓಡಿ ಬಂದಳು. ಮಾಯ್ನೊಗೆ ಜ್ವರ ನೆತ್ತಿಗೇರಿದೆ, ಮಗಳ ಹೆಸರನ್ನೇ ಕನವರಿಸುತ್ತಿದ್ದಾಳೆ... ಪುಷ್ಪಾ ಇದ್ದ ಹಾಗೆಯೇ ಹೊರಟಳು. ಮೀನಾಕ್ಷಮ್ಮ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದರು. "ನಿನ್ನ ಕಾಲು ಹಿಡ್ಕೋತೀನಿ ಪುಷ್ಪಾ... ಇವತ್ತೊಂದಿನ! ನೀನೀಗ ಲೈನಿಗೆ ಓಡಿದ್ರೆ ನನ್ನ ಮಗಳ ಬಾಳು ಹೋಗ್ಬುಡ್ತದೆ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ." ಪುಷ್ಪಾ ನಿಂತಳು. ನಾದಿನಿಗೆ ಆರತಿ ಎತ್ತಿದಳು, ಬೀಗರಿಗೆ ಬಡಿಸಿದಳು, ನಕ್ಕಳು ಕೂಡ. ಮಾಯ್ನೊಗೆ ನಾಳೆ ಎಂಬುದಿರಲಿಲ್ಲ. ಸತ್ತ ಸುದ್ದಿ ಬಂದಾಗ ಮೀನಾಕ್ಷಮ್ಮ ಸೊಸೆಯ ಬಾಯಿಗೆ ತಮ್ಮ ಸೆರಗನ್ನೇ ಒತ್ತಿ ಹಿಡಿದು, "ಅಳಬೇಡ ಕಣವ್ವ, ಕೇಳಿಸ್ತದೆ," ಎಂದು ತಾವೂ ಅತ್ತಿದ್ದರು.

ಕೂಗು ಶುರುವಾದದ್ದು ಆಮೇಲೆ.

ಈಗ ಮಧುಶ್ರೀ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಸೀಮಂತ ಹತ್ತಿರದಲ್ಲೇ ಇತ್ತು. ಬಸುರಿ ಇರುವ ಮನೆಯ ಸುತ್ತ ಸತ್ತವಳ ಸುಳಿದಾಟವೆಂದು ಮೀನಾಕ್ಷಮ್ಮ ಹೆದರಿದರು. ದೆವ್ವ ಕಟ್ಟುವುದರಲ್ಲಿ ಹೆಸರಾದ ಭೂತಯ್ಯನಿಗೆ ಅಂದೇ ಹೇಳಿ ಕಳಿಸಿದರು. ಮಾರನೆಯ ಬೆಳಿಗ್ಗೆ ಆತ ಬಂದು, ಮಗುವಿನ ಹಣೆಗೆ ಬೂದಿ ಹಚ್ಚಿ, ಹಳ್ಳದ ಕಡೆ ಮೂಗರಳಿಸಿ ನೋಡಿದ. "ಹೆಣ್ಣು ಜೀವ ಕಣಮ್ಮ. ಮನೆ ಒಳಕ್ಕೇ ಬರೋ ಆಸೆ ಅದಕ್ಕೆ. ಹಿತ್ತಲ ಆ ಹಲಸಿನ ಮರಕ್ಕೆ ಮೊಳೆ ಹೊಡೆದು ಕಟ್ಟಿ ಹಾಕ್ಬುಡ್ತೀನಿ. ಇನ್ನು ಅಲ್ಲಾಡಂಗಿಲ್ಲ."

ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು. ಸೀಮಂತಕ್ಕೆ ಬಾಳೆಗೊನೆ, ತರಕಾರಿ ತುಂಬಿಕೊಂಡು ಜವರಯ್ಯನವರೇ ಬಂದಿದ್ದರು. ಮೀನಾಕ್ಷಮ್ಮ ಭೂತಯ್ಯನನ್ನು ಹಿತ್ತಲಿಗೆ ದಾಟಿಸಿ, ಸೆರಗು ಸರಿಪಡಿಸಿಕೊಂಡು, "ಬನ್ನಿ ಬೀಗ್ರೇ," ಎಂದರು. ಜವರಯ್ಯ ಜಗಲಿಯಲ್ಲಿ ಕೂತು ಕಾಫಿ ಹೀರುತ್ತಾ ಲೋಹಿತನಿಗೆ ಊರ ಸುದ್ದಿ ಹೇಳತೊಡಗಿದರು.

"ನಮ್ಮ ಕಡೆ ಲೈನಿನ ತುಂಬಾ ಈಗ ಅಸ್ಸಾಮಿನೋರೇ ಕಣಪ್ಪಾ. ಇಲ್ದಿದ್ರೆ ಹಣ್ಣು ಕೊಯ್ಯೋರಿಲ್ಲ, ಅದನ್ನ ನಾನೂ ಒಪ್ತೀನಿ. ಆದ್ರೆ ಅವರ ಮಾತೇ ಬೇರೆ, ಹಬ್ಬಾನೇ ಬೇರೆ, ಊಟಾನೇ ಬೇರೆ. ಇಲ್ಲಿಗೆ ಬಂದ್ಮೇಲೆ ನಮ್ಮಂಗಾಗ್ಬೇಕೋ ಬ್ಯಾಡ್ವೋ? ನೀರಿಗೆ ಬಿದ್ದ ಉಪ್ಪು ಕರಗ್ಬೇಕಪ್ಪ." ಕಾಫಿ ಲೋಟ ಹಿಂದಕ್ಕೆ ತೆಗೆದುಕೊಳ್ಳಲು ಬಂದ ಪುಷ್ಪಾಳನ್ನು ಕಂಡು ಅವರ ಮುಖ ಅರಳಿತು. "ಅವರ ಮಾತು ಬುಡಿ. ನಮ್ಮ ಪುಷ್ಪಾನ್ನ ನೋಡಿ, ಹೆತ್ತೋರಿಲ್ದೆ ಬೆಳೆದ್ರೂ ಎಂಥಾ ಸಂಸ್ಕಾರ! ಅದು ರಕ್ತದಲ್ಲೇ ಬರ್ಬೇಕು."

ಲೋಹಿತ್ ತಲೆ ತಗ್ಗಿಸಿದ. ಅದೇ ಗಳಿಗೆಯಲ್ಲಿ ಹಿತ್ತಲಿನಿಂದ ಕೇಳಿಸಿತು... ಠಣ್! ಕಬ್ಬಿಣದ ಮೇಲೆ ಕಬ್ಬಿಣ.

ಪುಷ್ಪಾಳ ಕೈಯಿಂದ ಲೋಟ ಬೀಳಲಿಲ್ಲ. ಅವಳು ಅದನ್ನು ಮೆಲ್ಲಗೆ ಜಗಲಿಯ ಮೇಲಿಟ್ಟಳು. ಮತ್ತೆ ಠಣ್! ಎಂದಿತು. ಅವಳು ಓಡಿದಳು. ಒಣಗುತ್ತಿದ್ದ ಹಣ್ಣನ್ನೆಲ್ಲ ತುಳಿದುಕೊಂಡು, ಅಡ್ಡ ಬಂದ ಅತ್ತೆಯನ್ನು ತಳ್ಳಿ, ಭೂತಯ್ಯನ ಸುತ್ತಿಗೆಗೂ ಮೊಳೆಗೂ ನಡುವೆ ತನ್ನ ಅಂಗೈಯನ್ನೇ ಒಡ್ಡಿಬಿಟ್ಟಳು.

"ಹೊಡೀರಿ! ಹೊಡೆಯೋದಾದ್ರೆ ನನ್ನ ಕೈಗೆ ಹೊಡೀರಿ! ಅದು ದೆವ್ವ ಅಲ್ಲ... ಅದು ನಮ್ಮವ್ವ! ಬದುಕಿದ್ದಾಗ ಬೇಲಿ ಆಚೆ ನಿಲ್ಲಿಸಿದ್ರಿ, ನಿಂತ್ಲು. ಮಧು ನಿಶ್ಚಿತಾರ್ಥದ ದಿನ ಸಾಯೋವಾಗ ಮಗಳ ಮುಖ ತೋರಿಸ್ಲಿಲ್ಲ, ಹಂಗೇ ಸತ್ಲು. ಈಗ ಮೊಳೆ ಹೊಡೆದು ಮರಕ್ಕೆ ಕಟ್ತೀರಾ? ಏನು ತಪ್ಪು ಮಾಡಿದ್ಲು ಅತ್ತೆ, ನಮ್ಮವ್ವ? ಏನು ತಪ್ಪು ಮಾಡಿದ್ಲು!"

ಆಮೇಲೆ ಮಾತು ಕನ್ನಡವಾಗಿ ಉಳಿಯಲಿಲ್ಲ. ಮರವನ್ನು ತಬ್ಬಿಕೊಂಡು, ಅವಳ ಕಡೆಯ ಹೆಂಗಸರು ಸತ್ತವರ ಮುಂದೆ ಅಳುವ ಹಾಗೆ, ರಾಗವೆಳೆದು ಅವಳು ಅತ್ತಳು. ಆ ರಾಗದಲ್ಲಿ ಊರಿತ್ತು, ರೈಲಿತ್ತು, ಜ್ವರವಿತ್ತು. ಯಾರಿಗೂ ತಿಳಿಯಲಿಲ್ಲ, ಆದರೆ ಎಲ್ಲರ ಮೈಯೂ ಝುಂ ಎಂದಿತು. ಭೂತಯ್ಯ ಸುತ್ತಿಗೆ ಕೆಳಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ.

ಹಿಂದೆಯೇ ಬಂದಿದ್ದ ಜವರಯ್ಯನವರ ಮುಖ ಕಪ್ಪಿಟ್ಟಿತು. "ಅಂದ್ರೆ... ಈಕೆ ಲೈನಿನೋಳಾ? ಸುಳ್ಳು ಹೇಳಿ ಹೆಣ್ಣು ಕೊಟ್ರಾ ನಮಗೆ? ಮಧು, ಹೊರಡವ್ವ. ಈ ಮನೇಲಿ ನಿಂಗೆ ಸೀಮಂತ ಬ್ಯಾಡ."

ಮಧುಶ್ರೀ ಹೊಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳು ಮಾವನತ್ತ ನೋಡಲೇ ಇಲ್ಲ. "ಅವ್ವಾ, ಅವತ್ತು ಅತ್ಗೆ ನಂಗೆ ಆರತಿ ಎತ್ತೋವಾಗ... ನಿಂಗೆ ಗೊತ್ತಿತ್ತಾ?"

ಮೀನಾಕ್ಷಮ್ಮ ಮುಖ ತಿರುಗಿಸಿದರು.

"ಹೇಳವ್ವಾ! ಗೊತ್ತಿತ್ತಾ?"

"ಗೊತ್ತಿತ್ತು ಕಣೇ... ನಿನಗೋಸ್ಕರ..."

"ನನಗೋಸ್ಕರ!" ಮಧುಶ್ರೀ ಬಾಗಿಲು ದಾಟಿ ಹೊರಗೆ ಬಂದಳು. "ಹೆತ್ತವ್ವ ಸಾಯ್ತಿದ್ರೆ ನನ್ನ ಹಣೆಗೆ ಕುಂಕುಮ ಇಟ್ರಾ ಅತ್ಗೆ? ಆ ಶಾಪಾನಾ ನಾನು ಹೊಟ್ಟೇಲಿ ಹೊತ್ಕೊಂಡು ತಿರುಗ್ತಿರೋದು?" ಅವಳು ಮೆಲ್ಲನೆ ನಡೆದು ಬಂದು ಅತ್ತಿಗೆಯ ಪಕ್ಕದಲ್ಲಿ ಮರದ ಬುಡದಲ್ಲೇ ಕೂತುಬಿಟ್ಟಳು. "ಮಾವ, ನೀವು ಹೋಗಿ. ನಾನು ಬರಲ್ಲ. ಸೀಮಂತ ಆಗ್ದಿದ್ರೂ ಮಗು ಹುಟ್ತದೆ. ಇವರನ್ನ ಹಿಂಗೆ ಬಿಟ್ಟು ಬಂದ್ರೆ ನನ್ನ ಮಗು ನನ್ನನ್ನೇನಂತ ಕರೀಬೇಕು?"

ಜವರಯ್ಯ ಹೊರಟೇ ಹೋದರು. ಬಾಳೆಗೊನೆ ಜೀಪಿನಲ್ಲೇ ವಾಪಸಾಯಿತು.

ಮಧ್ಯಾಹ್ನ ಯಾರೂ ಒಲೆ ಹಚ್ಚಲಿಲ್ಲ. ಲೋಹಿತ್ ಹೆಂಡತಿಯ ಎದುರು ನೆಲದ ಮೇಲೆ ಕೂತ.

"ನಿಮ್ಮವ್ವ ಸತ್ತ ದಿನ ಸಂಜೆ ನಾನು ಲೈನಿಗೆ ಹೋಗಿದ್ದೆ ಕಣೇ. ಚಟ್ಟಕ್ಕೆ ಹೆಗಲು ಕೊಟ್ಟೆ. ಮೂಳೆ ಚೂರುಗಳನ್ನ ನಿಮ್ಮೋರು ಮಡಕೇಲಿ ಹಾಕಿ ಲೈನಿನ ಹಿಂದಿನ ಸಿಲ್ವರ್ ಓಕ್ ಮರದ ಬುಡದಲ್ಲಿ ಹೂತಿಟ್ರು. ನಿಮ್ಮ ಕಡೆಯ ದಾಮೋದರ ನದಿಗೆ ಒಯ್ದು ಬಿಡೋವರೆಗೂ ಸತ್ತೋರು ಮನೆ ಸೇರಲ್ಲ, ಮಗಳೇ ಒಯ್ಲಿ ಅಂದ್ರು. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಪುಷ್ಪಾ ಕಣ್ಣೆತ್ತಿದಳು. "ಮಗೂಗೆ ಆ ಮಾತು...?"

"ನೀನೇ ಹೇಳ್ಕೊಟ್ಟೆ." ಲೋಹಿತ್ ಅವಳ ಕೈ ಹಿಡಿದ. "ನಿದ್ದೇಲಿ ಮಾತಾಡ್ತೀಯ ನೀನು. ಅವ್ವ ಸತ್ತಾಗಿಂದ ದಿನಾ ಅದನ್ನೇ ಕೂಗ್ತೀಯ. ಮಗು ಪಕ್ಕದಲ್ಲೇ ಮಲಗಿರ್ತದಲ್ಲ. ಹೇಳಿದ್ರೆ ನಿದ್ದೇಲೂ ನಿಲ್ಲಿಸ್ಬುಡ್ತೀಯ ಅಂತ ಸುಮ್ಮನಿದ್ದೆ."

ಹಾಗಾದರೆ ಹಳ್ಳದಾಚೆ ನಿಂತ ಅಜ್ಜಿ? ಅದನ್ನು ಅವಳು ಕೇಳಲಿಲ್ಲ.

ಪ್ರಜ್ವಲ್ ಅಪ್ಪನ ಮಾತು ಮೀರಿ ತಾನೇ ಬಂದು ಹೆಂಡತಿಯ ಸೀಮಂತಕ್ಕೆ ಕೂತ. ಜವರಯ್ಯನವರು ಬರಲಿಲ್ಲ, ಇವತ್ತಿಗೂ ಆ ಮನೆಯ ಹೊಸ್ತಿಲು ತುಳಿದಿಲ್ಲ. ಸೀಮಂತ ಮುಗಿದ ಮೇಲೆ ಲೋಹಿತ್ ಸಿಲ್ವರ್ ಮರದ ಬುಡ ಅಗೆದು ಮಡಕೆ ತೆಗೆದ. ಗಂಡ, ಹೆಂಡತಿ, ಮಗು ರೈಲು ಹತ್ತಿದರು. ಮೀನಾಕ್ಷಮ್ಮ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ದಾರಿಗೆಂದು ಬುತ್ತಿ ಕಟ್ಟಿ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟರು.

ದುಮ್ಕಾದಲ್ಲಿ ನೆಂಟರು ಕಾಲು ತೊಳೆದು ಬರಮಾಡಿಕೊಂಡರು. ಚಿಕ್ಕಮ್ಮ ಮುಖ ಸವರಿ ಏನೇನೋ ಕೇಳಿದಳು. ಪುಷ್ಪಾಳಿಗೆ ಅರ್ಥವಾಯಿತು. ಉತ್ತರ ಕೊಡಲು ಬಾಯಿ ತೆರೆದರೆ ನಾಲಿಗೆ ತೊಡರಿತು, ನಡುನಡುವೆ ಕನ್ನಡವೇ ಬಂತು. ಸುತ್ತ ನಿಂತ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಚಿಕ್ಕಮ್ಮ ನಗಲಿಲ್ಲ, ಅತ್ತಳು. ದಾಮೋದರದ ದಡದಲ್ಲಿ ಹಿರಿಯನೊಬ್ಬ ಹೇಳಿಕೊಟ್ಟ ಮಾತುಗಳನ್ನು ಪುಷ್ಪಾ ಬೇರೆ ಯಾರದೋ ಭಾಷೆಯಂತೆ ಒಂದೊಂದಾಗಿ ಒಪ್ಪಿಸಿದಳು. ನಡುನೀರಿಗೆ ಇಳಿದು ಮಡಕೆ ಬಿಟ್ಟಳು. ಕಿವಿಗೊಟ್ಟು ನಿಂತಳು. ನೀರಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅವ್ವ ಹೋದಳು... ನಿಜವಾಗಿಯೂ ಹೋದಳು! ಇಷ್ಟು ದಿನ ಯಾವ ಕೂಗಿಗೆ ಹೆದರಿ ಕಿವಿ ಮುಚ್ಚಿಕೊಂಡಿದ್ದಳೋ, ಅದು ನಿಂತುಹೋದಾಗ ಪುಷ್ಪಾಳಿಗೆ ತಾನು ಅನಾಥೆ ಎಂಬುದು ಮೊದಲ ಸಲ ನಿಜವೆನಿಸಿತು.

ಸಕಲೇಶಪುರದಲ್ಲಿ ರೈಲು ಇಳಿದಾಗ ಮೀನಾಕ್ಷಮ್ಮ ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದರು. ಸೊಸೆಯ ಕೈಚೀಲವನ್ನು ತಾವೇ ಹೊತ್ತು ಮನೆಗೆ ಕರೆತಂದರು. ಅಂಗಳದಲ್ಲಿ ನೀರಿನ ಕೊಡವೊಂದು ತುಂಬಿಟ್ಟಿತ್ತು. ಮೀನಾಕ್ಷಮ್ಮ ಅದರ ಪಕ್ಕ ನಿಂತು, ಸೊಸೆಯ ಮುಖ ನೋಡಲಾರದೆ ನೆಲ ನೋಡುತ್ತಾ ಕೇಳಿದರು.

"ನಿಮ್ಮ ಕಡೆ... ಹೆತ್ತೋರ ಅಸ್ಥಿ ಬಿಟ್ಟು ಬಂದ ಮಗಳು ಮನೆ ಒಳಕ್ಕೆ ಬರೋವಾಗ ಏನು ಮಾಡ್ತಾರವ್ವ? ಹೇಳು. ನಿಮ್ಮ ಪದ್ಧತಿ ಹೆಂಗೋ ಹಂಗೇ ಮಾಡೋಣ. ನಾನೇ ಮಾಡ್ತೀನಿ."

ಪುಷ್ಪಾ ಯೋಚಿಸಿದಳು. ಅಪ್ಪ ಸತ್ತಾಗ ಏನು ಮಾಡಿದ್ದರು? ಬಾಗಿಲಲ್ಲಿ ಏನೋ ಇಟ್ಟಿದ್ದರು. ಅವ್ವ ಏನೋ ಹೇಳಿದ್ದಳು... ಏನದು? ಎಷ್ಟು ಹುಡುಕಿದರೂ ಹೆಗ್ಗದ್ದೆಯ ಪದ್ಧತಿಗಳೇ ಸಾಲಾಗಿ ನೆನಪಿಗೆ ಬಂದವು.

"ಗೊತ್ತಿಲ್ಲ ಅತ್ತೆ," ಎಂದಳು ಕೊನೆಗೆ. "ಮರ್ತೇ ಹೋಗೈತೆ."

ಮೀನಾಕ್ಷಮ್ಮನ ಮುಖ ಕಿವುಚಿತು. "ಅಯ್ಯೋ ನನ್ನವ್ವಾ... ನಾನೇ ಮರೆಸ್ಬುಟ್ನಲ್ಲೇ..." ಎಂದು ಕೊಡದ ಪಕ್ಕದಲ್ಲೇ ಕುಸಿದರು.

ಪುಷ್ಪಾ ಬಗ್ಗಿ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳಿ ಅತ್ತೆ. ನೀವು ಹೆಂಗೆ ಮಾಡ್ತೀರೋ ಹಂಗೇ ಮಾಡಿ. ನಂಗೆ ಗೊತ್ತಿರೋದು ಅದೊಂದೇ."

ಮೀನಾಕ್ಷಮ್ಮ ಕೊಡ ಎತ್ತಿ ಸೊಸೆಯ ಪಾದಕ್ಕೆ ನೀರು ಸುರಿದರು. ಪುಷ್ಪಾ ಬಲಗಾಲು ಮುಂದಿಟ್ಟು ಒಳಗೆ ಹೋದಳು.