ನೇಗಿಲಿನ ಸ್ಪೆಲಿಂಗು

"ಈ ಕಾಗದ ಟೈಪ್ ಮಾಡಿದವರು ನೀವೇನ್ರಿ?"

ಮಗ್ಗುಲ ಮೇಜಿನ ಗುಮಾಸ್ತ ಅಂದಾನೆಪ್ಪ ಕಾಗದವನ್ನು ನೀಲಕ್ಕನ ಮೇಜಿನ ಮೇಲಿಟ್ಟ. ನೇಗಿಲು ಎನ್ನಲು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದ 'ಪ್ಲೌ' ಎಂಬ ಪದದ ಸುತ್ತ ಕೆಂಪು ಶಾಯಿ!

"ಹೌದ್ರಿ... ತಪ್ಪಾಗೇತೇನ್ರಿ?"

ಅಷ್ಟರಲ್ಲಿ ಸಾಹೇಬರ ಗಂಟೆ. ಅವನು ಕಾಗದ ಎತ್ತಿಕೊಂಡು ಒಳಗೆ ಹೋದ.

ಅದು ಅರವತ್ತೆರಡನೇ ಇಸವಿ. ಹಳಿಯಾಳದ ಬ್ಲಾಕ್ ಆಫೀಸಿನಲ್ಲಿ ನೀಲಕ್ಕ ಮೂರು ತಿಂಗಳ ಹಂಗಾಮಿ ಟೈಪಿಸ್ಟ್. ಇವತ್ತೇ ಕಡೆಯ ದಿನ.

"ನೌಕರಿ ಕಾಯಂ ಆದ್ರ ಮದವಿಗೆ ಒಂದು ವರ್ಷ ತಡೀತೇನಿ. ಇಲ್ಲಂದ್ರ ಸೋಮವಾರ ಮುಂಡಗೋಡದವರು ನಿನ್ನ ನೋಡಾಕ ಬರ್ತಾರ, ಸುಮ್ನ ಒಪ್ಕೋ" ಎಂದಿದ್ದ ಅಪ್ಪ ಚನಬಸಪ್ಪ, ಎಲ್ಲರಿಗೂ ಕೇಳುವಂತೆ ಆಫೀಸಿನ ಬಾಗಿಲಲ್ಲೇ ನಿಂತು.

'ಮಗ್ಗುಲ ಮೇಜಿನವರೇ ಹಿಂಗ ಮಾಡೂದಾ...! ಅವರು ಕೆಮ್ಮಿದರೂ ತಲೆ ಎತ್ತಿ ನೋಡ್ತಿದ್ದೆನಲ್ಲ ನಾನು!'

ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವಳು. ಇಂಗ್ಲಿಷಿನಲ್ಲಿ ಅನ್ನುವುದೊಂದು, ಬರೆಯುವುದೊಂದು. ಅದಕ್ಕೇ ಅಂಗಳದಲ್ಲಿದ್ದ ಅಮೆರಿಕದ ನೇಗಿಲಿನ ಪೆಟ್ಟಿಗೆ ನೋಡಿ, ಪಿ-ಎಲ್-ಓ-ಡಬ್ಲ್ಯೂ ಎಂದು ಒಂದೊಂದೇ ಅಕ್ಷರ ಇಳಿಸಿಕೊಂಡಿದ್ದಳು.

"ಬಾರವ್ವಾ ಒಳಗ!" ಸಾಹೇಬರ ದನಿ.

ಸೆರಗು ಸರಿಪಡಿಸಿಕೊಂಡು ಹೋದಳು.

"ಸಾಲ್ಯಾಗ ಪಿ-ಎಲ್-ಓ-ಯು-ಜಿ-ಎಚ್ ಕಲಿಸಲಿಲ್ಲೇನ್ ನಿನಗ?"

ಮುಗಿಯಿತು... ಇನ್ನು ಸೋಮವಾರ!

"ಎರಡೂ ಸರಿ ಐತ್ರಿ ಸಾಹೇಬ್ರ."

ಅಂದಾನೆಪ್ಪ! ಕೈಯಲ್ಲಿ ದಪ್ಪ ಡಿಕ್ಷನರಿ.

"ಇಂಗ್ಲಂಡಿನವರು ಹಿಂದಕ್ಕ ಆ ಜಿ-ಎಚ್ ಗಂಟಲಾಗಿಂದ ಅಂತಿದ್ರಂತ. ಅನ್ನೂದು ಬಿಟ್ರು, ಬರಿಯೂದು ಬಿಡಲಿಲ್ಲ. ಅಮೆರಿಕದವರು ಎರಡೂ ಬಿಟ್ರು. ಇನ್ನೆರಡು ನೇಗಿಲ ಕಳಸ್ರಿ ಅಂತ ಈ ಕಾಗದ ಅವರಿಗೇ ಹೊಂಟೈತಿ. ಯಾರೂ ತಿದ್ದಬಾರದಂತ ಸುತ್ತು ಹಾಕೇನ್ರಿ. ಹಿಂದ ಬರದೇನಿ, ತಿರುವಿ ನೋಡ್ರಿ."

ಸಾಹೇಬರು ತಿರುವಿ ಓದಿದರು. ನಕ್ಕೇಬಿಟ್ಟರು.

"ಕೆಂಪು ಶಾಯೀಲೆ ಯಾರರೆ ಸರಿ ಅಂತಾರೇನೋ ಮಾರಾಯಾ! ಹೋಗವ್ವಾ, ನಿನ್ನ ಕಾಯಂ ಆರ್ಡರ್ ನೀನಽ ಟೈಪ್ ಮಾಡ್ಕೊಂಡು ಬಾ."

ಹೊರಗೆ ಬಂದವಳ ಕಣ್ಣು ತುಂಬಿತ್ತು.

"ಮೊದಲಽ ಹೇಳಿದ್ರ ಏನಾಗ್ತಿತ್ರಿ? ಜೀವ ಹೋಗಿತ್ತು ನಂದು!"

"ಹೇಳಾಕಽ ಬಂದಿದ್ದೆ, ಸಾಹೇಬ್ರು ಗಂಟಿ ಬಾರಿಸಿದ್ರು... ನನಗೂ ಅಂಜಿಕಿ ಇತ್ರಿ."

"ನಿಮಗ್ಯಾತರದು?"

"ಸೋಮವಾರದ್ದು." ಅವನು ನೆಲ ನೋಡಿದ. "ನಿಮ್ಮಪ್ಪ ವರ್ಷ ತಡೀತಾರಂತ. ನನಗ ತಡಿಯೂದು ಆಗೂದಿಲ್ರಿ. ಆಯ್ತವಾರದ ಸೂಟಿಗೆ ನಮ್ಮವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ಲೇನು?"

"ಬಂದು ಅಪ್ಪಗ ಏನಂತೀರಿ?"

"ಅದಽ ಗೊತ್ತಾಗವಲ್ದು..."

"ಹಂಗಾರ ಮೊದಲ ನನಗ ಅಂದು ನೋಡ್ರಿ."

ಅವನ ಕಿವಿ ಕೆಂಪಾದವು. "ನೀವಂದ್ರ... ನನಗ ಜೀವ್ರಿ."

"ಏನು? ಕೇಳಿಸ್ಲಿಲ್ರಿ, ಇನ್ನೊಮ್ಮೆ ಅನ್ರಿ" ಎಂದಳು ನೀಲಕ್ಕ.

ಕೇಳಿಸಿತ್ತು!