ಪರಿಗಣಿಸದ ಹೇಳಿಕೆ

"ಅಯ್ಯೋ, ಮುಳುಗೇ ಹೋದ್ಲಲ್ಲಪ್ಪಾ!"

ಆ ಕೂಗು ಪಾವನಾಳ ಕಿವಿಗೆ ಬೀಳಲಿಲ್ಲ. ಅವಳು ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಊರಿನ ಈಜುಕೊಳದ ತಳದಲ್ಲಿದ್ದಳು. ಅಲ್ಲಿ ಬಿದ್ದಿದ್ದ ರಬ್ಬರ್ ಬೊಂಬೆಯ ಕಂಕುಳಿಗೆ ಆಗಷ್ಟೇ ಕೈ ಹಾಕಿದ್ದಳು. ಮೂರು ವಾರಗಳ ಪ್ರಯತ್ನದಲ್ಲಿ ಬೊಂಬೆ ಕೈಗೆ ಸಿಕ್ಕಿದ್ದು ಅದೇ ಮೊದಲು!

ಅಷ್ಟರಲ್ಲಿ ಯಾರೋ ಅವಳ ತೋಳನ್ನು ಬಿಗಿಯಾಗಿ ಹಿಡಿದು ಮೇಲಕ್ಕೆಳೆದರು.

ನೀರಿನಿಂದ ಹೊರಬಂದವಳೇ ಕೆಮ್ಮುತ್ತ ಸ್ವೀಡಿಷ್‌ನಲ್ಲಿ ಬೈದಳು. ಎದುರಿಗಿದ್ದವನಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಆದರೆ ಬೈಗುಳ ಎಂಬುದಂತೂ ತಿಳಿಯಿತು.

"ಜೀವ ಉಳಿಸಿದ್ರೆ ಬೈತಾಳೆ ನೋಡು ಇವಳು..." ಎಂದು ಗೊಣಗಿಕೊಂಡ.

ಪಾವನಾ ಕಣ್ಣೊರೆಸಿಕೊಂಡು ಅವನನ್ನು ದಿಟ್ಟಿಸಿದಳು. ಕನ್ನಡ! ಈ ಊರಲ್ಲಿ, ಈ ಕೊಳದಲ್ಲಿ!

"ಯಾರ ಜೀವ? ನಾನು ಪ್ರಾಕ್ಟೀಸ್ ಮಾಡ್ತಿದ್ದೆ. ಬೊಂಬೆ ಕೈಗೆ ಸಿಕ್ಕಿತ್ತು. ನೀವು ಬಂದು ಹಾಳು ಮಾಡಿದ್ರಿ!"

ಅವನ ಬಾಯಿ ತೆರೆದಂತೆಯೇ ಉಳಿಯಿತು. "ನೀವು... ಕನ್ನಡದವ್ರಾ? ಸಾರಿ ರೀ. ಬೊಂಬೆ ನಾನು ತಂದ್ಕೊಡ್ಲಾ?"

"ಬೇಡ. ನಾನೇ ತರ್ತೀನಿ."

ಎರಡು ಸಲ ಮುಳುಗಿದಳು, ಎರಡು ಸಲವೂ ಬರಿಗೈಯಲ್ಲಿ ಬಂದಳು. ಮೂರನೆಯ ಸಲ ತಂದಳು. ಅಷ್ಟು ಹೊತ್ತೂ ಅವನು ಕೊಳದ ಅಂಚಿನಲ್ಲಿ ನಡುಗುತ್ತ ನಿಂತಿದ್ದ. ಹೋಗಿಬಿಡಬಹುದಿತ್ತು... ಹೋಗಲಿಲ್ಲ.

ಅದು 2004ರ ಅಕ್ಟೋಬರ್. ಅವನ ಹೆಸರು ಕಾರ್ತಿಕೇಯ. ಹೊನ್ನಾವರದವನು, ಹೊಳೆಯಲ್ಲಿ ಈಜಿ ಬೆಳೆದವನು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಬಂದು ಎರಡು ತಿಂಗಳಾಗಿತ್ತು.

ಪಾವನಾಳಿಗೆ ಇಪ್ಪತ್ತೊಂದು ವರ್ಷ. ಟೆಲಿಕಾಂ ಇಂಜಿನಿಯರ್ ಆಗಿದ್ದ ಅಪ್ಪ ರಾಜಗೋಪಾಲರೊಡನೆ ಈ ಊರಿಗೆ ಬಂದಾಗ ಅವಳಿಗೆ ಹನ್ನೆರಡು. ಈಗ ಅವಳು ಸ್ವೀಡನ್ನಿನ ಪ್ರಜೆ. ಪೊಲೀಸ್ ಆಗಬೇಕೆಂಬುದು ಅವಳ ಆಸೆ. ಅರ್ಜಿ ಹಾಕಲು ಪೌರತ್ವ ಬೇಕು, ಡ್ರೈವಿಂಗ್ ಲೈಸೆನ್ಸ್ ಬೇಕು, ಓಟ, ಭಾರ ಎತ್ತುವುದು, ಮನಶ್ಶಾಸ್ತ್ರಜ್ಞರ ಸಂದರ್ಶನ... ಜೊತೆಗೆ ಈಜು, ಕೊಳದ ತಳದಿಂದ ಬೊಂಬೆಯನ್ನು ಎತ್ತಿ ತರುವುದು. ಉಳಿದೆಲ್ಲವೂ ಅವಳಿಗೆ ಬರುತ್ತಿತ್ತು. ನೀರೆಂದರೆ ಮಾತ್ರ ಅಳುಕು.

"ಪೊಲೀಸಾ?" ಎಂದಿದ್ದರು ಅಮ್ಮ ಇಂದುಮತಿ. "ಕುಡುಕರನ್ನ ಎತ್ತಿ ಕಾರಿಗೆ ಹಾಕೋ ಕೆಲಸ ಬೇಕಾ ನಿಂಗೆ? ಬೆಂಗಳೂರಿಗೆ ಫೋನ್ ಮಾಡಿ ಏನಂತ ಹೇಳ್ಲಿ?"

ಅಪ್ಪ ಏನೂ ಹೇಳಲಿಲ್ಲ. ಹೇಳದಿರುವುದೇ ಅವರ ಅಭ್ಯಾಸ.

ಕಾರ್ತಿಕೇಯ ಮಾತ್ರ ನಗಲಿಲ್ಲ, ಬೆರಗಾಗಲೂ ಇಲ್ಲ. "ಉಸಿರು ಬಿಗಿಹಿಡಿದು ಮುಳುಗ್ತೀರಲ್ಲ, ಅದೇ ತಪ್ಪು. ಸ್ವಲ್ಪ ಬಿಟ್ಟು ಮುಳುಗಿ," ಎಂದ.

ವಾರಕ್ಕೆರಡು ದಿನ ಈಜು. ಆಮೇಲೆ ಬಂದರಿನ ಹತ್ತಿರದ ಅಂಗಡಿಯಲ್ಲಿ ಫೀಕಾ, ಅಂದರೆ ಕಾಫಿ, ದಾಲ್ಚಿನ್ನಿ ಬನ್ನು, ಹರಟೆ. ಡಿಸೆಂಬರಿನ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಯಾವ ದಿನ ಬಂತೆಂದು ಇಬ್ಬರೂ ಗಮನಿಸಲಿಲ್ಲ.

ತನಗೆ ಅವನೆಂದರೆ ಏನು ಎಂದು ಪಾವನಾ ಕೇಳಿಕೊಳ್ಳಲಿಲ್ಲ. ಅರ್ಜಿ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಿದ್ದಳು.

ಫೆಬ್ರವರಿಯಲ್ಲಿ ಸಂದರ್ಶನ ಮುಗಿಯಿತು. ತನ್ನನ್ನು ಬಲ್ಲ ಇಬ್ಬರ ಹೆಸರು ಕೊಡಬೇಕಿತ್ತು. ಒಂದು ಅವಳ ಶಾಲೆಯ ವ್ಯಾಯಾಮ ಶಿಕ್ಷಕರದು. ಇನ್ನೊಂದು ಕಾರ್ತಿಕೇಯನದು.

ಮಾರ್ಚಿನ ಒಂದು ಬೆಳಗ್ಗೆ ಇಬ್ಬರೂ ಸಮುದ್ರದಂಚಿನಲ್ಲಿ ಓಡುತ್ತಿದ್ದಾಗ ಪಾವನಾ ಹಿಮಗಟ್ಟಿದ ದಾರಿಯಲ್ಲಿ ಜಾರಿಬಿದ್ದಳು. ಕಾಲು ಉಳುಕಿತು. ಕಾರ್ತಿಕೇಯ ಭುಜ ಕೊಟ್ಟ. ಅವಳು ಹಿಡಿಯಲಿಲ್ಲ. ಮೂರು ಕಿಲೋಮೀಟರ್ ಕುಂಟುತ್ತಲೇ ಮನೆ ಮುಟ್ಟಿದಳು.

"ಎಲ್ಲಾನೂ ಒಬ್ಳೇ ಹೊತ್ಕೋತೀಯ. ಒಬ್ಬರ ಸಹಾಯಾನೂ ಕೇಳಲ್ಲ," ಎಂದ ಅವನು, ಬಾಗಿಲಲ್ಲಿ. ದನಿಯಲ್ಲಿ ಸಿಟ್ಟಿತ್ತು. "ಹೀಗಿದ್ರೆ ಹೇಗೆ ಪಾವನಾ?"

"ಹೀಗೇ ಇರೋದು ನಾನು," ಎಂದಳು.

ವಾರದೊಳಗೆ ಕಾಗದ ಬಂತು. ಈ ಬಾರಿ ಆಯ್ಕೆಯಾಗಿಲ್ಲ.

ಅವಳು ಕಚೇರಿಗೆ ಫೋನ್ ಮಾಡಿದಳು. ಅತ್ತಲಿಂದ ಒಬ್ಬ ಹೆಂಗಸು ಸೌಜನ್ಯದಿಂದಲೇ ಒಂದು ಸಾಲು ಓದಿದರು: "ಎಲ್ಲವನ್ನೂ ಒಬ್ಬಳೇ ಹೊತ್ತುಕೊಳ್ಳುವ ಸ್ವಭಾವ. ಸಹಾಯ ಕೇಳುವುದಿಲ್ಲ."

ಪಾವನಾ ಫೋನ್ ಇಟ್ಟಳು.

ಅದೇ ಮಾತು... ಅದೇ ಪದಗಳು!

ಸಂಜೆ ಅವನ ಹಾಸ್ಟೆಲಿಗೆ ಹೋದಳು. ಕೋಟನ್ನೂ ಬಿಚ್ಚಲಿಲ್ಲ.

"ಅವರು ನಿಂಗೆ ಫೋನ್ ಮಾಡಿದ್ರಾ?"

"ಹೂಂ."

"ನಾನು ಯಾರ ಸಹಾಯಾನೂ ಕೇಳಲ್ಲ ಅಂತ ಹೇಳಿದ್ಯಾ?"

"ಹೇಳ್ದೆ. ಅವಳ ವೀಕ್‌ನೆಸ್ ಏನು ಅಂತ ಕೇಳಿದ್ರು."

"ಏನೂ ಇಲ್ಲ ಅನ್ನಬಹುದಿತ್ತಲ್ಲ!"

"ಸುಳ್ಳಾಗ್ತಿತ್ತು."

"ಸರಿ," ಎಂದಳು ಪಾವನಾ. "ಸತ್ಯ ಇಟ್ಕೊಂಡು ನೀನೇ ಇರು."

ಅವನು ಇನ್ನೇನೋ ಹೇಳಲು ಹೊರಟ. ಅವಳು ಆಗಲೇ ಮೆಟ್ಟಿಲಿಳಿದಾಗಿತ್ತು. ಅವಳು ಅಳಲಿಲ್ಲ. ಮನೆಗೆ ಹೋಗಿ ಅವನ ನಂಬರ್ ಅಳಿಸಿದಳು, ಈಜುವ ದಿನಗಳನ್ನು ಬದಲಾಯಿಸಿದಳು, ಮತ್ತೆ ಅರ್ಜಿ ಹಾಕಿದಳು. ಕಾರ್ತಿಕೇಯ ಮರುವರ್ಷ ಸಂಶೋಧನೆಗೆಂದು ಲುಂಡ್ ವಿಶ್ವವಿದ್ಯಾಲಯಕ್ಕೆ ಹೋದನೆಂದು ಯಾರೋ ಹೇಳಿದರು. ಕೇಳಿಸಿಕೊಂಡಳು, ಅಷ್ಟೆ.

ಎರಡನೆಯ ಸಲ ಅವಳ ಆಯ್ಕೆಯಾಯಿತು. 2006ರ ಜನವರಿಯಲ್ಲಿ ಸೋಲ್ನಾದ ಪೊಲೀಸ್ ಶಾಲೆಗೆ ಸೇರಿದಳು. ಅಮ್ಮ ಚಟ್ನಿಪುಡಿ ಕಟ್ಟಿಕೊಟ್ಟರು. ಆಶೀರ್ವಾದ ಮಾಡಲಿಲ್ಲ.

ಓದು ಸುಲಭವಾಗಿತ್ತು. ಕಾನೂನು, ವರದಿ ಬರೆಯುವುದು, ಕಾರು ಓಡಿಸುವುದು, ಕೈಕೋಳ ಹಾಕುವುದು. ಎಲ್ಲದರಲ್ಲೂ ಅವಳು ಮುಂದೆ. ಎರಡನೆಯ ವರ್ಷದ ಒಂದು ಅಭ್ಯಾಸದಲ್ಲಿ ಮಾತ್ರ ಎಡವಿದಳು.

ಅದೊಂದು ಅಣಕು ಮನೆ. ಒಳಗೆ ಕುಡಿದವನಂತೆ ನಟಿಸುವ ಶಿಕ್ಷಕ. ಪಾವನಾ ಮತ್ತು ಅವಳ ಜೊತೆಗಾತಿ ಓಸಾ ಒಟ್ಟಿಗೆ ಒಳಹೋಗಬೇಕು. ಪಾವನಾ ಕಾಯಲಿಲ್ಲ, ನುಗ್ಗಿದಳು. ಬಾಗಿಲ ಹಿಂದೆ ಅಡಗಿದ್ದ ಇನ್ನೊಬ್ಬ ಹಾರಿಸಿದ ಗುಂಡು ಅವಳ ಬೆನ್ನಿಗೆ ಬಡಿಯಿತು. ಬಣ್ಣದ ಗುಂಡು.

"ನೀನು ಸತ್ತೆ," ಎನ್ನುತ್ತ ಶಿಕ್ಷಕ ಬರೆದುಕೊಂಡರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಓಸಾ ಅವಳ ಪಕ್ಕ ಬಂದು ಕುಳಿತಳು. "ನಾನು ನಿನ್ನ ಹಿಂದೆಯೇ ಇದ್ದೆ. ನೀನು ತಿರುಗಿ ನೋಡಲೇ ಇಲ್ಲ."

ಪಾವನಾ ಬಹಳ ಹೊತ್ತು ಬೂಟಿನ ದಾರ ಬಿಚ್ಚುತ್ತ ಕುಳಿತಳು.

'ಅವನು ಹೇಳಿದ್ದು ನಿಜಾನೇ...' ಎಂದಿತು ಮನಸ್ಸು. 'ಆದ್ರೂ ಅವರ ಹತ್ರ ಯಾಕೆ ಹೇಳ್ಬೇಕಿತ್ತು?'

ಆ ವಾರ ಆಡಳಿತ ಕಾನೂನಿನ ಪಾಠವಿತ್ತು. ಈ ದೇಶದಲ್ಲಿ ಯಾರು ಬೇಕಾದರೂ ತಮ್ಮ ಬಗೆಗಿನ ಕಡತವನ್ನು ಕಚೇರಿಯಿಂದ ಕೇಳಿ ಪಡೆಯಬಹುದು ಎಂದರು ಮೇಷ್ಟ್ರು. ಪಾವನಾ ಆ ದಿನವೇ ಪತ್ರ ಬರೆದಳು. ತನ್ನ ಮೊದಲ ಅರ್ಜಿಯ ಕಾಗದಗಳು ಬೇಕೆಂದು.

ಹತ್ತು ದಿನಗಳ ನಂತರ ಕಂದು ಲಕೋಟೆ ಬಂತು. ವಿದ್ಯಾರ್ಥಿ ನಿಲಯದ ಅಡುಗೆಮನೆಯಲ್ಲಿ, ಅನ್ನ ಬೇಯುತ್ತಿರುವಾಗ, ತೆರೆದಳು.

ಸಹಾಯ ಕೇಳುವುದಿಲ್ಲ ಎಂಬ ಸಾಲು ಅಲ್ಲಿತ್ತು. ಆದರೆ ಅದರ ಕೆಳಗಿದ್ದದ್ದು ಮನಶ್ಶಾಸ್ತ್ರಜ್ಞರ ಸಹಿ! ಸಂದರ್ಶನದ ದಿನವೇ ಅವರು ಬರೆದಿದ್ದ ಅಭಿಪ್ರಾಯ ಅದು. ಕಾರ್ತಿಕೇಯನಿಗೆ ಫೋನ್ ಹೋಗಿದ್ದು ಅದಾಗಿ ಎರಡು ವಾರಕ್ಕೆ.

ಅವಳು ಹಾಳೆ ತಿರುವಿದಳು. ಕೊನೆಯ ಪುಟದಲ್ಲಿ ಅವನ ಹೆಸರಿತ್ತು. ಕಚೇರಿಯ ಒಣ ಸ್ವೀಡಿಷ್‌ನಲ್ಲಿ ಆರು ಸಾಲು.

'ಅರ್ಜಿದಾರಳು ಧೈರ್ಯವಂತೆ, ಪ್ರಾಮಾಣಿಕಳು ಎಂದು ತಿಳಿಸಿದರು. ಸಹಾಯ ಕೇಳುವುದಿಲ್ಲ, ಆದ್ದರಿಂದ ಅವಳ ಬಗ್ಗೆ ತಮಗೆ ಭಯವಿದೆ ಎಂದರು. ಅರ್ಜಿದಾರಳೊಂದಿಗಿನ ಸಂಬಂಧವೇನೆಂದು ಕೇಳಲಾಯಿತು. ಆಕೆಯನ್ನು ಪ್ರೀತಿಸುತ್ತಿರುವುದಾಗಿಯೂ, ಆಕೆಗೆ ಇದು ತಿಳಿದಿಲ್ಲವೆಂದೂ, ತಮ್ಮ ಮಾತನ್ನು ಆ ಎಚ್ಚರದಿಂದಲೇ ಓದಬೇಕೆಂದೂ ಹೇಳಿದರು. ಈ ಹೇಳಿಕೆಯನ್ನು ಪರಿಗಣಿಸಿಲ್ಲ.'

ಪಾವನಾ ಓದಿದಳು. ಮತ್ತೊಮ್ಮೆ ಓದಿದಳು.

ಅನ್ನ ತಳ ಹಿಡಿಯಿತು. ಓಸಾ ಬಂದು ಒಲೆ ಆರಿಸಿದಳು. "ಏನಾಯ್ತು?"

ಪಾವನಾ ಹಾಳೆಯನ್ನು ಅವಳ ಕೈಗಿತ್ತಳು. ಎರಡೂವರೆ ವರ್ಷದಲ್ಲಿ ಮೊದಲ ಬಾರಿಗೆ ಅತ್ತಳು.

ಶುಕ್ರವಾರ ಮಧ್ಯಾಹ್ನ ಅವಳು ಲುಂಡ್ ನಿಲ್ದಾಣದಲ್ಲಿ ಇಳಿದಳು. ಅವನ ವಿಭಾಗದ ಕಟ್ಟಡ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದ ತುಂಬ ಸೈಕಲ್ಲುಗಳು. ಅವುಗಳ ನಡುವೆ ಒಬ್ಬ ಬಗ್ಗಿ ಚೈನು ಸರಿಮಾಡುತ್ತಿದ್ದ. ಕೈಯೆಲ್ಲ ಗ್ರೀಸು.

"ಕಾರ್ತಿಕೇಯ."

ಅವನು ತಲೆಯೆತ್ತಿದ. ಎದ್ದು ನಿಂತ. ತೆಳ್ಳಗಾಗಿದ್ದ, ಕನ್ನಡಕ ಬಂದಿತ್ತು.

"ಪಾವನಾ...! ನೀನು ಇಲ್ಲಿ?"

ಅವಳು ಕಾಗದ ಚಾಚಿದಳು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ನಿಧಾನವಾಗಿ ಓದಿದ. ಕಿವಿ ಕೆಂಪಾಯಿತು.

"ನಾನು ಇಂಗ್ಲಿಷಲ್ಲಿ ಇನ್ನೂ ಚೆನ್ನಾಗಿ ಹೇಳಿದ್ದೆ," ಎಂದ. "ಇವರು ಸರ್ಕಾರಿ ನೋಟೀಸ್ ಥರ ಬರ್ಕೊಂಡಿದಾರೆ."

ಪಾವನಾಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು.

"ಯಾರೋ ಆಫೀಸಿನವರಿಗೆ ಹೇಳ್ದೆ. ನನಗ್ಯಾಕೆ ಹೇಳ್ಲಿಲ್ಲ ನೀನು?"

"ಆವತ್ತು ನೀನು ಕೇಳಿದ್ದು ಅದೊಂದೇ ಮಾತು. ನಾನು ಹೇಳಿದ್ದು ನಿಜ, ಒಪ್ಕೊಂಡೆ. ಆ ಗಳಿಗೆಯಲ್ಲಿ ಪ್ರೀತಿ ಅಂದಿದ್ರೆ... ತಪ್ಪು ಮುಚ್ಚೋಕೆ ಹೇಳ್ತಿದಾನೆ ಅಂತ ನೀನು ಅಂದ್ಕೋತಿದ್ದೆ."

ಅವಳು ಯೋಚಿಸಿದಳು. "ಅಂದ್ಕೋತಿದ್ದೆ," ಎಂದು ಒಪ್ಪಿಕೊಂಡಳು. "ನಾನು ಫೇಲಾಗಿದ್ದು ನಿನ್ನಿಂದಲ್ಲ ಕಾರ್ತಿ. ನಿನ್ನ ಮಾತನ್ನ ಅವರು ಲೆಕ್ಕಕ್ಕೇ ತಗೊಂಡಿಲ್ಲ. ಎರಡೂವರೆ ವರ್ಷ ಸುಮ್ಸುಮ್ನೆ ನಿನ್ನ ದ್ವೇಷಿಸ್ದೆ... ಸಾರಿ."

"ಪೂರ್ತಿ ದ್ವೇಷಿಸಿದ್ಯಾ?"

"ಇಲ್ಲ. ಟ್ರೈ ಮಾಡ್ದೆ, ಆಗ್ಲಿಲ್ಲ."

ಯಾರೋ ಬಂದು ಸೈಕಲ್ ತೆಗೆದುಕೊಂಡು ಹೋದರು. ಇಬ್ಬರೂ ದಾರಿ ಬಿಟ್ಟು ನಿಂತರು. ಅವರು ಹೋದ ಮೇಲೆ ಪಾವನಾ ಒಂದೇ ಉಸಿರಿಗೆ ಹೇಳಿದಳು.

"ಜನವರಿಯಿಂದ ಆರು ತಿಂಗಳು ಸ್ಟೇಷನ್‌ನಲ್ಲಿ ಟ್ರೈನಿಂಗ್. ಊರು ಆರಿಸ್ಕೊಳ್ಳಿ ಅಂದ್ರು. ಕಾರ್ಲ್‌ಸ್ಕ್ರೂನಾ ಬರೀಬೇಕು ಅಂತಿದ್ದೆ. ನಿನ್ನೆ ಮಾಲ್ಮೋ ಅಂತ ಬರೆದ್ಕೊಟ್ಟೆ. ಇಲ್ಲಿಂದ ಹದಿನೈದು ನಿಮಿಷ ಟ್ರೇನು. ನಿಂಗೆ ಬೇರೆ ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬಿಡು, ನಾನು..."

"ಯಾರೂ ಇಲ್ಲ."

"ಯಾಕೆ?"

"ನಾನೂ ಟ್ರೈ ಮಾಡ್ದೆ, ಆಗ್ಲಿಲ್ಲ."

ಪಾವನಾ ಅವನ ಕೈ ಹಿಡಿದಳು. ಗ್ರೀಸು ಅವಳ ಬೆರಳುಗಳಿಗೂ ಮೆತ್ತಿಕೊಂಡಿತು. ಬಿಡಿಸಿಕೊಳ್ಳಲಿಲ್ಲ.

"ನಾನು ನಿನ್ನ ಪ್ರೀತಿಸ್ತೀನಿ," ಎಂದಳು ಮೆಲ್ಲಗೆ. "ಅಮ್ಮಂಗೆ ಹೇಳ್ಬೇಕು. ಪೊಲೀಸ್ ವಿಷಯಕ್ಕೇ ಇನ್ನೂ ಮುಖ ಊದಿಸ್ಕೊಂಡಿದಾರೆ. ಒಬ್ಳೇ ಹೇಳೋಕೆ ಭಯ ಆಗತ್ತೆ... ನೀನೂ ಬರ್ತೀಯಾ?"

ಕಾರ್ತಿಕೇಯ ಅವಳನ್ನೇ ನೋಡಿದ. "ಯಾವಾಗ?" ಎಂದ.

"ನಾಳೆ?"

"ನಾಳೆ ಲ್ಯಾಬ್ ಇದೆ. ನಾಡಿದ್ದು?"

"ಸರಿ, ನಾಡಿದ್ದು. ಅಮ್ಮ ಎಷ್ಟೇ ಕೋಪದಲ್ಲಿದ್ರೂ, ಬರೋ ಹುಡುಗನಿಗೆ ಏನಿಷ್ಟ ಅಂತ ಕೇಳೇ ಕೇಳ್ತಾರೆ. ಏನು ಹೇಳ್ಲಿ?"

"ನಿನ್ನ ಹೆಸರು ಹೇಳು."

"ತಿಂಡಿ ಕೇಳಿದ್ದು ಕಣೋ!"

"ತಿಂಡಿ ಏನಾದ್ರೂ ನಡೆಯತ್ತೆ," ಎಂದ ಕಾರ್ತಿಕೇಯ.