ಇಪ್ಪತ್ತೆರಡು ಕೊರಳಿನ ಹಾಡು

ಬೆಟ್ಟಗಳಿಗೆ ಜನ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ ಹಾಲ್ದೊರೆ ಎಂಬ ರಾಜ್ಯವಿತ್ತು. ಅಲ್ಲಿ ಊರಿಗೊಂದು ಅರಸನ ಶಾಲೆ. ಕುಂಬಾರರ ಮಕ್ಕಳೂ ಕುರುಬರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತು ಕಲಿಯುತ್ತಿದ್ದರು.

ಆ ರಾಜ್ಯಕ್ಕೆ ಒಬ್ಬ ಮಾಯಾವಿಯ ಕಾಟವಿತ್ತು. ಅವನ ಹೆಸರು ಕಂಠಾಳ. ಯಾವುದಾದರೂ ಮಗು ಒಂಟಿಯಾಗಿ ಇಂಪಾಗಿ ಹಾಡಿದರೆ ಅವನ ಬೆಳ್ಳಿಯ ದಾರ ಗಾಳಿಯಲ್ಲಿ ತೇಲಿಬಂದು ಆ ದನಿಗೆ ಕುಣಿಕೆ ಹಾಕುತ್ತಿತ್ತು. ಎಳೆದ ದನಿಯನ್ನು ಅವನು ಗಡಿಗೆಯಲ್ಲಿ ತುಂಬಿಸಿ ಬಾಯಿ ಕಟ್ಟಿಡುತ್ತಿದ್ದ.

ಹೊಳೆಸಾಲಿನ ಶಾಲೆಗೆ ಚೆನ್ನಾಜಿ ಎಂಬವಳು ಅಕ್ಕೋರು. ಮಕ್ಕಳಿಗೆ ಪಾಠ ಹೇಳುವವಳು ಅವಳೊಬ್ಬಳೇ. ಹಬ್ಬಕ್ಕೆ ಅರಸ ಬಂದಾಗ ಶಾಲೆಗೆ ಹೆಸರು ಬರಲಿ ಎಂದು ಅವಳು ಚಿಕ್ಕೀರ ಎಂಬ ಹುಡುಗನನ್ನು ಮುಂದೆ ನಿಲ್ಲಿಸಿ ಹಾಡಿಸಿದಳು. ಹಾಡು ಮುಗಿಯುವ ಮೊದಲೇ ದಾರ ಬಂತು. ಹುಡುಗ ಬಾಯಿ ತೆರೆದೇ ನಿಂತ, ದನಿಯಿಲ್ಲ.

ಅರಸ ಹೆದರಿ ಹೇಳಿದ: "ಹಾಡಿದರೆ ತಾನೆ ಕದಿಯುವುದು? ಇನ್ನು ಶಾಲೆಗಳಲ್ಲಿ ಹಾಡೇ ಬೇಡ."

ಚೆನ್ನಾಜಿಗೆ ಅನ್ನ ಸೇರಲಿಲ್ಲ. ಮುಂದೆ ನಿಲ್ಲಿಸಿದವಳು ತಾನೇ ಅಲ್ಲವೇ? ಮರುದಿನ ಬೆಳಿಗ್ಗೆ ಒಬ್ಬಳೇ ಕಂಠಾಳನ ಗುಡ್ಡಕ್ಕೆ ಹೊರಟಳು.

ಗುಡ್ಡದ ಬುಡದಲ್ಲಿ ಹೊಳೆ. ಈ ದಡದಿಂದ ಆ ದಡಕ್ಕೆ ಅಡ್ಡ ಮಲಗಿತ್ತು ಒಂದು ಮೊಸಳೆ.

"ನನ್ನ ಬೆನ್ನ ಮೇಲೆ ದಾಟು," ಎಂದಿತು ಮೊಸಳೆ. "ಹಾಡು ಕೇಳುತ್ತಿರುವಷ್ಟು ಹೊತ್ತು ನಾನು ನಿದ್ದೆ ಮಾಡುತ್ತೇನೆ. ಹಾಡು ನಿಂತರೆ ಎಚ್ಚರವಾಗುತ್ತದೆ. ಎಚ್ಚರವಾದರೆ ಹಸಿವಾಗುತ್ತದೆ."

ಚೆನ್ನಾಜಿ ಹಾಡುತ್ತ ಇಪ್ಪತ್ತು ಹೆಜ್ಜೆ ಹೋದಳು. ಉಸಿರು ಮುಗಿಯಿತು. ಮೊಸಳೆ ಕಣ್ಣು ಬಿಟ್ಟಿತು. ಅವಳು ತಿರುಗಿ ಓಡಿ ದಡ ಸೇರುವಷ್ಟರಲ್ಲಿ ಸೆರಗು ಅದರ ಬಾಯಲ್ಲಿತ್ತು.

ಹರಿದ ಸೀರೆಯಲ್ಲಿ ಬಂದ ಅಕ್ಕೋರನ್ನು ಮಕ್ಕಳು ಸುತ್ತುವರಿದರು. ವಿಷಯ ತಿಳಿದು ಹೊನ್ನಿ ಎಂಬ ಹುಡುಗಿ ಹೇಳಿದಳು: "ನಾವೂ ಬರ್ತೀವಿ ಅಕ್ಕೋರೆ. ಎಲ್ಲರಿಗೂ ಒಂದೇ ಸಲ ಉಸಿರು ಮುಗಿಯಲ್ಲವಲ್ಲ."

ಮನೆಗಳಲ್ಲಿ ಮೊದಲು ಯಾರೂ ಒಪ್ಪಲಿಲ್ಲ. ಚಿಕ್ಕೀರನ ತಾಯಿ ನಿಂಗವ್ವ ಮನೆಮನೆಗೂ ಹೋಗಿ ಕೇಳಿದಳು: "ಇವತ್ತು ನನ್ನ ಮಗನದು ಹೋಯ್ತು. ನಾಳೆ ಯಾರದು?" ಆಮೇಲೆ ಒಪ್ಪಿದರು.

ಇಪ್ಪತ್ತೆರಡು ಮಕ್ಕಳು ಹೊಳೆಯ ದಡದಲ್ಲಿ ಸಾಲಾಗಿ ನಿಂತರು. "ಪಕ್ಕದವರು ಉಸಿರು ಎಳೆದುಕೊಂಡರೆ ನೀವು ಹಾಡಿ. ಅವರು ಹಾಡುವಾಗ ನೀವು ಎಳೆದುಕೊಳ್ಳಿ," ಎಂದಳು ಚೆನ್ನಾಜಿ.

*ಅಳಿಲೇ ಅಳಿಲೇ ಬಾಲವ ಬೀಸು,*
*ಆಲದ ನೆರಳಿಗೆ ಗಾಳಿಯ ಸೂಸು.*

ಹಾಡು ಎಲ್ಲೂ ಕಡಿಯಲಿಲ್ಲ. ಮೊಸಳೆ ಗೊರಕೆ ಹೊಡೆಯಿತು. ಎಲ್ಲರೂ ದಾಟಿದರು.

ಗುಡ್ಡದ ಮೇಲೆ ತಾಮ್ರದ ಬಾಗಿಲು. ಬಾಗಿಲಿಗೆ ಎರಡು ಕಿವಿ. "ಒಂದಕ್ಕೆ ಸಣ್ಣ ದನಿ, ಒಂದಕ್ಕೆ ದಪ್ಪ ದನಿ. ಎರಡೂ ಒಟ್ಟಿಗೆ ಕೇಳಿದರೆ ತೆರೆಯುತ್ತೇನೆ," ಎಂದಿತು ಬಾಗಿಲು.

ಮಕ್ಕಳು ಹಾಡಿದರು. ಸಣ್ಣ ದನಿಯ ಕಿವಿ ಅಲುಗಿತು, ಇನ್ನೊಂದು ಅಲುಗಲಿಲ್ಲ. ಕೊನೆಯಲ್ಲಿ ನಿಂತಿದ್ದ ಬೋರಮ್ಮ ಬರೀ ತುಟಿ ಆಡಿಸುತ್ತಿದ್ದುದು ಚೆನ್ನಾಜಿಗೆ ಕಂಡಿತು.

"ಯಾಕೆ ಬೋರಮ್ಮ, ಹಾಡ್ತಿಲ್ಲ?"

"ನೀವೇ ಅಂದಿದ್ರಲ್ಲ ಅಕ್ಕೋರೆ. ನಿನ್ನ ಗಂಟಲು ಬಿಂದಿಗೆ ಉರುಳಿದ ಹಾಗಿದೆ, ಬಾಯಿ ಮಾತ್ರ ಆಡಿಸು ಅಂತ."

ಚೆನ್ನಾಜಿಯ ಮುಖ ಕೆಂಪಾಯಿತು. ಎಲ್ಲರ ಎದುರೇ ಹೇಳಿದಳು: "ನನ್ನಿಂದ ತಪ್ಪಾಯಿತು ಮಗಳೇ. ಹಾಡು."

ಬೋರಮ್ಮ ಮೊದಲು ಮೆಲ್ಲಗೆ, ಆಮೇಲೆ ಎದೆ ತುಂಬ ಹಾಡಿದಳು. ಉಳಿದವರ ದನಿಗೆ ಕೆಳಗಿನಿಂದ ಯಾರೋ ಹೆಗಲು ಕೊಟ್ಟಂತಾಯಿತು. ಬಾಗಿಲು ತೆರೆಯಿತು.

ಒಳಗೆ ಗೋಡೆಯುದ್ದಕ್ಕೂ ಗಡಿಗೆಗಳು. ನಡುವೆ ಕಂಠಾಳ. ಅವನು ಮಾತಾಡಿದ್ದು ಯಾವುದೋ ಪುಟ್ಟ ಹುಡುಗಿಯ ದನಿಯಲ್ಲಿ. "ಒಬ್ಬೊಬ್ಬರಾಗಿ ಹಾಡಿ," ಎಂದ.

"ಒಟ್ಟಿಗೇ ಹಾಡಿ," ಎಂದಳು ಚೆನ್ನಾಜಿ.

ಹಾಡು ಎದ್ದಿತು. ದಾರ ಮಕ್ಕಳ ತಲೆಯ ಮೇಲೆ ಸುತ್ತಿತು. ಯಾವ ದನಿ ಯಾರದೆಂದು ಅದಕ್ಕೆ ತಿಳಿಯಲಿಲ್ಲ. ಕಂಠಾಳ ಹೊನ್ನಿಯ ಬಳಿ ಬಂದು ಬಗ್ಗಿದ. "ನಿನ್ನದೇ ಎಲ್ಲರಿಗಿಂತ ಇಂಪು. ಸ್ವಲ್ಪ ಏರಿಸಮ್ಮ, ಕೇಳೋಣ."

ಹೊಗಳಿಕೆ ಯಾರಿಗೆ ಬೇಡ? ಹೊನ್ನಿ ದನಿ ಏರಿಸಿದಳು. ಕುಣಿಕೆ ಅವಳ ಕೊರಳಿಗಿಳಿಯಿತು. ಚೆನ್ನಾಜಿ ಎರಡೂ ಕೈ ಮೇಲೆತ್ತಿ ಉಳಿದವರಿಗೆ ಸನ್ನೆ ಮಾಡಿದಳು: ಏರಿಸಿ, ಎಲ್ಲರೂ ಅವಳಷ್ಟೇ ಏರಿಸಿ! ಬೋರಮ್ಮ ಹೊನ್ನಿಯ ಕೈ ಹಿಡಿದು ಹಾಡಿದಳು. ಎಲ್ಲರೂ ದನಿ ಏರಿಸಿದರು. ಹೊನ್ನಿಯ ದನಿ ಮತ್ತೆ ಎಲ್ಲರ ದನಿಯೊಳಗೆ ಸೇರಿಹೋಯಿತು.

ಕಂಠಾಳ ಸಿಟ್ಟಿನಿಂದ ದಾರ ಎಳೆದ. ಒಂದರ ಬದಲು ಇಪ್ಪತ್ತೆರಡೂ ದನಿ ಒಂದೇ ಗಡಿಗೆಗೆ ನುಗ್ಗಿದವು. ಗಡಿಗೆ ಒಡೆಯಿತು. ಅದರ ಚೂರು ಸಿಡಿದು ಪಕ್ಕದ್ದು ಒಡೆಯಿತು, ಅದರಿಂದ ಇನ್ನೊಂದು. ದನಿಗಳೆಲ್ಲ ತಮ್ಮ ತಮ್ಮ ಕೊರಳು ಹುಡುಕಿಕೊಂಡು ಹಾರಿದವು. ಕಂಠಾಳ ಬಾಯಿ ತೆರೆದ. ಅವನದೇ ಅಂತ ಒಂದು ದನಿಯೂ ಇರಲಿಲ್ಲ. ಗುಡ್ಡದ ಆಚೆ ಇಳಿದು ಹೋದವನು ಮತ್ತೆ ಬರಲಿಲ್ಲ.

ಅದೇ ಹೊತ್ತಿಗೆ ಹೊಳೆಸಾಲಿನಲ್ಲಿ ನಿಂಗವ್ವ ರಾಗಿ ಬೀಸುತ್ತಿದ್ದಳು. ಬೆನ್ನ ಹಿಂದೆ ಯಾರೋ "ಅವ್ವಾ, ಹಸಿವು" ಎಂದರು. ಅವಳು ಬೀಸುವ ಕಲ್ಲು ಬಿಟ್ಟು ಅಲ್ಲೇ ಕೂತು ಅತ್ತಳು.

ಅರಸ ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡು ಹೊಸದೊಂದು ಹೊರಡಿಸಿದ: ಪ್ರತಿ ಶಾಲೆಯಲ್ಲೂ ದಿನದ ಮೊದಲ ಗಳಿಗೆ ಹಾಡಿಗೆ, ಯಾವ ಮಗುವನ್ನೂ ಬಿಡಬಾರದು. ತಾನೇ ನೋಡಲು ಬಂದು ಕೇಳಿದ: "ಇವರಲ್ಲಿ ಚೆನ್ನಾಗಿ ಹಾಡುವವರು ಯಾರು, ಅಕ್ಕೋರೆ?"

"ಈ ಕಡೆ ಜಾಗ ಇದೆ, ಪ್ರಭು. ನಿಂತುಕೊಳ್ಳಿ," ಎಂದಳು ಚೆನ್ನಾಜಿ.

ಅರಸ ನಿಂತ. ಶ್ರುತಿ ತಪ್ಪಿಯೇ ಹಾಡಿದ. ಯಾರೂ ನಗಲಿಲ್ಲ. ಹಾಲ್ದೊರೆಯ ಜನ ಆಮೇಲೆ ಬಹುಕಾಲ ನೆಮ್ಮದಿಯಿಂದ ಬಾಳಿದರು. ಬೆಳಿಗ್ಗೆ ಎದ್ದರೆ ಯಾವ ಊರಿನಲ್ಲಿದ್ದರೂ ಮಕ್ಕಳ ಹಾಡು ಕೇಳಿಸುತ್ತಿತ್ತು.